ಗದಗದ ನಮ್ಮ ಲೋಕಲ್ ಕೇಬಲ್ ಚಾನೆಲ್ ಎಚ್‌ಡಿ ಆಗಬೇಕು. ಮೊದಲು ಏನು ಬದಲಿಸೋದು, ಕ್ಯಾಮೆರಾನಾ?

ಕ್ಯಾಮೆರಾ ಆಮೇಲೆ. ಮೊದಲು ನಿಮ್ಮ ಚಾನೆಲ್ ಹಾಕುವ ಕೇಬಲ್‌ನವರನ್ನ ಕೇಳಿ, ಎಚ್‌ಡಿ ಜಾಗ ಕೊಡ್ತಾರಾ ಅಂತ. ಅವರು ಎಸ್‌ಡಿಯಲ್ಲೇ, ಅಂದ್ರೆ ಹಳೇ ಕಡಿಮೆ ಸ್ಪಷ್ಟತೆಯಲ್ಲೇ ಬಿಟ್ಟರೆ, ನೀವು ಎಂಥ ಕ್ಯಾಮೆರಾ ತಂದರೂ ಮನೆಗೆ ತಲುಪೋದು 720x576 ಚುಕ್ಕಿಯ ಚಿತ್ರವೇ. ಫುಲ್ ಎಚ್‌ಡಿ 1920x1080, ಅಂದ್ರೆ ಐದು ಪಟ್ಟು ಚುಕ್ಕಿ. ಅವರು ಒಪ್ಪಿದ ಮೇಲೆ ಎಚ್.264 ಎನ್‌ಕೋಡರ್ (ವಿಡಿಯೊ ಕುಗ್ಗಿಸಿ ಕಳಿಸೋಕೆ ಸಿದ್ಧ ಮಾಡೋ ಯಂತ್ರ) ತಗೊಳ್ಳಿ.

ಮುಂದಿನ ದುಡ್ಡು ಸ್ವಿಚರ್ (ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಚಿತ್ರ ಬದಲಿಸೋ ಯಂತ್ರ) ಮತ್ತು ವೈರಿಗೆ. ತೋಂಟದಾರ್ಯ ಮಠದ ಜಾತ್ರೆಯಂಥ ಲೈವ್‌ಗೆ ಎಚ್‌ಡಿಎಂಐ, ಅಂದ್ರೆ ಮನೆ ಟಿವಿಗೆ ಚುಚ್ಚೋ ಥರದ ವೈರು, ನಂಬಬೇಡಿ. ಯಾರದೋ ಕಾಲು ತಾಗಿದರೆ ಸಾಕು, ಪಿನ್ ಕಿತ್ತು ಬರುತ್ತೆ. ಉದ್ದ ಎಳೆದರೆ ಚಿತ್ರವೂ ಹೋಗುತ್ತೆ. ಟಿವಿ ಚಾನೆಲ್‌ನವರು ಬಳಸೋ ಎಸ್‌ಡಿಐ ವೈರಿನ ಬಿಎನ್‌ಸಿ ಪಿನ್ ತಿರುಗಿಸಿದರೆ ಲಾಕ್ ಆಗುತ್ತೆ, ಒಳ್ಳೆ ವೈರಿದ್ದರೆ ಎಪ್ಪತ್ತು ಎಂಬತ್ತು ಮೀಟರ್ ಆರಾಮಾಗಿ ಓಡುತ್ತೆ. ಹಾಗಾಗಿ ಕ್ಯಾಮೆರಾ ಆರಿಸುವಾಗ ಎಸ್‌ಡಿಐ ಔಟ್ ಇದೆಯಾ ನೋಡಿ.

ಎಲ್ಲ ಕ್ಯಾಮೆರಾನೂ ಸೆಕೆಂಡಿಗೆ 25 ಅಥವಾ 50 ಫ್ರೇಮ್‌ಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್. 30 ಅಥವಾ 60ಕ್ಕೆ ಇಟ್ಟರೆ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕುತ್ತೆ.

ಧ್ವನಿಗೆ ಕ್ಯಾಮೆರಾ ಮೈಕ್ ಬೇಡವೇ ಬೇಡ, ಸೌಂಡ್‌ನವರ ಮಿಕ್ಸರ್‌ನಿಂದ ಲೈನ್ ಎಳೀರಿ. ಚಿತ್ರ ಸ್ವಲ್ಪ ಮಸುಕಿದ್ರೂ ಜನ ನೋಡ್ತಾರೆ, ಪ್ರವಚನ ಕೇಳಿಸದಿದ್ರೆ ಚಾನೆಲ್ ಬದಲಿಸ್ತಾರೆ ಅಲ್ವಾ! ಎನ್‌ಕೋಡರ್‌ಗೊಂದು ಯುಪಿಎಸ್ ಇರಲಿ.