ಉಬ್ಬಿನ ಮೇಲೆ ಸದ್ದಿಲ್ಲ, ಹೊಂಡದಲ್ಲಿ ಟಕ್ ಟಕ್

ಪ್ರಶ್ನೆ: ನನ್ನ ಕಾರಿಗೆ 8 ವರ್ಷ. ನಿಧಾನವಾಗಿ ಹೋಗುವಾಗ ಮುಂದೆ ಎಡಗಡೆಯಿಂದ ಟಕ್ ಟಕ್ ಅಂತ ಸದ್ದು ಬರುತ್ತದೆ. ಚಿಕ್ಕಪುಟ್ಟ ಹೊಂಡಗಳಲ್ಲಿ ಜಾಸ್ತಿ. ರಸ್ತೆ ಉಬ್ಬನ್ನು ನೇರವಾಗಿ ದಾಟಿದರೆ ಸದ್ದೇ ಇಲ್ಲ. ಒಬ್ಬ ಮೆಕ್ಯಾನಿಕ್ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದರು. ಇನ್ನೊಬ್ಬರು ಸ್ವೇ ಬಾರ್ ಲೂಸ್ ಅಂದರು. ಏನಿದು ಸ್ವೇ ಬಾರ್? ನಾನೇ ಪರೀಕ್ಷೆ ಮಾಡಬಹುದಾ?

ಉತ್ತರ: ಉಬ್ಬು ದಾಟುವಾಗ ಸದ್ದಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ನಾನು ಎರಡನೇ ಮೆಕ್ಯಾನಿಕ್ ಪಕ್ಷ ಸೇರಿಬಿಟ್ಟೆ.

ಸ್ವೇ ಬಾರ್ ಅಂದರೆ ಸ್ಪ್ರಿಂಗ್ ಉಕ್ಕಿನ ಒಂದು ಸಲಾಕೆ. ಸ್ಟೆಬಿಲೈಜರ್ ಬಾರ್, ಆಂಟಿ ರೋಲ್ ಬಾರ್ ಅಂದರೂ ಇದೇ. ಕಾರಿನ ಅಡಿಯಲ್ಲಿ ಎಡದಿಂದ ಬಲಕ್ಕೆ ಅಡ್ಡ ಮಲಗಿರುತ್ತದೆ. ನಡುಭಾಗವನ್ನು ಎರಡು ರಬ್ಬರ್ ಬುಷ್‌ಗಳು ಹಿಡಿದಿರುತ್ತವೆ. ಬಾಗಿದ ಎರಡು ತುದಿಗಳಿಂದ ಒಂದೊಂದು ಲಿಂಕ್ ರಾಡ್ ಹೊರಟು ಆಯಾ ಕಡೆಯ ಶಾಕ್ ಅಬ್ಸಾರ್ಬರ್‌ಗೋ ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ತೋಳು, ಅಂದರೆ ಲೋಯರ್ ಆರ್ಮ್‌ಗೋ ಸೇರುತ್ತದೆ.

ಒಂದು ದಪ್ಪ ತಂತಿಯ ಎರಡೂ ತುದಿಗಳನ್ನು ಒಂದೇ ಕಡೆಗೆ ಬಗ್ಗಿಸಿ. ನಡುಭಾಗವನ್ನು ಇನ್ನೊಬ್ಬರು ಸಡಿಲ ಮುಷ್ಟಿಯಲ್ಲಿ ಹಿಡಿಯಲಿ. ನೀವು ಎರಡು ತುದಿಗಳನ್ನೂ ಒಟ್ಟಿಗೆ ಎತ್ತಿ. ತಂತಿ ಮುಷ್ಟಿಯೊಳಗೆ ಸಲೀಸಾಗಿ ತಿರುಗುತ್ತದೆ. ಈಗ ಒಂದನ್ನು ಎತ್ತಿ, ಇನ್ನೊಂದನ್ನು ಕೆಳಕ್ಕೆ ಒತ್ತಿ. ತಂತಿ ತಿರುಚಿಕೊಂಡು ನಿಮ್ಮ ಬೆರಳಿಗೇ ಎದುರು ನಿಲ್ಲುತ್ತದೆ, ಅಲ್ವಾ? ಬಾರ್ ಮಾಡುವ ಕೆಲಸ ಅಷ್ಟೇ. ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲಿದಾಗ ತಾನು ತಿರುಚಿಕೊಂಡು ಆ ವಾಲಾಟವನ್ನು ತಡೆಯುತ್ತದೆ.

ಉಬ್ಬಿನ ಮೇಲೆ ಎರಡು ಚಕ್ರಗಳೂ ಒಟ್ಟಿಗೆ ಏರುತ್ತವೆ. ಬಾರ್‌ಗೆ ಹೆಚ್ಚು ಕೆಲಸವಿಲ್ಲ, ಲಿಂಕ್ ಮೇಲೆ ಜಾಸ್ತಿ ಎಳೆತವೂ ಇಲ್ಲ. ಹೊಂಡಕ್ಕೆ ಒಂದೇ ಚಕ್ರ ಇಳಿದಾಗ ಲಿಂಕ್ ಒಮ್ಮೆ ಎಳೆಸಿಕೊಳ್ಳುತ್ತದೆ, ಒಮ್ಮೆ ಒತ್ತಿಸಿಕೊಳ್ಳುತ್ತದೆ. ಅದರ ಬಾಲ್ ಜಾಯಿಂಟ್, ಅಂದರೆ ತುದಿಯಲ್ಲಿರುವ ಗುಂಡು ಕೀಲು, ಸವೆದಿದ್ದರೆ ಆಗಲೇ ಟಕ್.

ಈ ಲಿಂಕ್ ನನಗೇ ಒಮ್ಮೆ ಮೋಸ ಮಾಡಿತ್ತು. ಕೆಲಸ ಕಲಿತ ಹೊಸತು. ಇದೇ ಥರದ ಸದ್ದು. ನಾನು ಎಡಚಕ್ರವನ್ನು ಮಾತ್ರ ಜಾಕ್‌ನಲ್ಲಿ ಎತ್ತಿ ಲಿಂಕ್ ಅಲ್ಲಾಡಿಸಿದೆ. ಕಲ್ಲಿನಂತೆ ಗಟ್ಟಿ! ಲಿಂಕ್ ಚೆನ್ನಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟು ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದೆ. ಮರುದಿನ ಅದೇ ಕಾರು, ಅದೇ ಸದ್ದು, ಕೆಂಪಗಾದ ಮುಖದ ಮಾಲೀಕರು. ಒಂದೇ ಚಕ್ರ ಎತ್ತಿದರೆ ಅದು ಕೆಳಗೆ ಜೋತುಬೀಳುತ್ತದೆ, ಇನ್ನೊಂದು ಭಾರ ಹೊತ್ತು ನಿಂತಿರುತ್ತದೆ. ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದಿರುತ್ತದೆ. ಸವೆದ ಜಾಯಿಂಟ್ ಕೂಡ ಹೊಸದರಂತೆ ನಟಿಸುತ್ತದೆ.

ಹಾಗಾಗಿ ಜಾಕ್ ಮುಟ್ಟಬೇಡಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ. ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ. ಬಹಳಷ್ಟು ಕಾರುಗಳಲ್ಲಿ ಚಕ್ರದ ಹಿಂದಿನ ಸಂದಿಯಲ್ಲಿ ಬೆರಳು ಗಾತ್ರದ ಲಿಂಕ್ ರಾಡ್ ಕಾಣುತ್ತದೆ. ಅದರ ಜಾಯಿಂಟ್ ಮೇಲೆ ಅಂಗೈ ಇಡಿ. ಬೆರಳು ಸ್ಪ್ರಿಂಗ್ ಸುರುಳಿಯೊಳಗೆ ಹೋಗದಿರಲಿ. ಇನ್ನೊಬ್ಬರು ಬಾಗಿಲ ಪಕ್ಕ ನಿಂತು, ರೂಫ್ ಅಂಚು ಹಿಡಿದು ಕಾರನ್ನು ಅಡ್ಡಡ್ಡ ತೂಗಲಿ. ಸವೆದಿದ್ದರೆ ಪ್ರತಿ ಸಲವೂ ಅಂಗೈಗೆ ಸಣ್ಣ ಕುಟುಕು ತಾಗುತ್ತದೆ. ಕಿವಿಗೆ ಸದ್ದು ಎಲ್ಲಿಂದ ಬಂತೆಂದು ಗೊತ್ತಾಗದು, ಕೈಗೆ ಗೊತ್ತಾಗುತ್ತದೆ. ಜಾಯಿಂಟ್‌ನ ರಬ್ಬರ್ ಟೋಪಿ ಹರಿದು, ಗ್ರೀಸ್ ಜಾಗದಲ್ಲಿ ಕೆಸರು ಇದ್ದರೆ ಇನ್ನೇನೂ ನೋಡಬೇಕಿಲ್ಲ.

ಬುಷ್ ನೋಡಲು ಕಾರಿನಡಿ ಹೋಗಬೇಕು. ಎರಡೂ ಚಕ್ರಗಳನ್ನು ರ‍್ಯಾಂಪ್ ಮೇಲೆ ಹತ್ತಿಸಿ. ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ, ದಯವಿಟ್ಟು. ಬಾರ್‌ಗೂ ರಬ್ಬರ್‌ಗೂ ನಡುವೆ ಸಂದಿ ಕಂಡರೆ, ಬುಷ್ ಪಕ್ಕದಲ್ಲಿ ಬಾರ್ ಉಜ್ಜಿ ಉಜ್ಜಿ ಹೊಳೆಯುತ್ತಿದ್ದರೆ ಬುಷ್ ಮುಗಿದಿದೆ. ಬುಷ್‌ಗೆ ಎಂಜಿನ್ ಆಯಿಲ್ ಸುರಿಯುವವರಿದ್ದಾರೆ. ಎರಡು ದಿನ ಸದ್ದಿರುವುದಿಲ್ಲ, ಆಮೇಲೆ ರಬ್ಬರ್ ಊದಿ ಹಾಳಾಗುತ್ತದೆ.

ಲಿಂಕ್ ಬದಲಾಯಿಸುವಾಗ ಎರಡೂ ಕಡೆಯದನ್ನು ಹಾಕಿಸಿ. ನಟ್ ತಿರುಗಿಸುವಾಗ ಒಳಗಿನ ಬೋಲ್ಟನ್ನು ಅಲೆನ್ ಕೀಯಿಂದಲೋ ಸ್ಪ್ಯಾನರ್‌ನಿಂದಲೋ ಹಿಡಿದಿರಬೇಕು, ಇಲ್ಲದಿದ್ದರೆ ಎರಡೂ ಸೇರಿ ಸುಮ್ನೆ ಗಿರಗಿರ ಸುತ್ತುತ್ತವೆ. ಲಿಂಕ್, ಬುಷ್ ಎರಡೂ ಗಟ್ಟಿಯಾಗಿದ್ದರೆ ಲೋಯರ್ ಆರ್ಮ್‌ನ ಬಾಲ್ ಜಾಯಿಂಟನ್ನು ತಕ್ಷಣ ತೋರಿಸಿ. ಅದು ಕಳಚಿಕೊಂಡರೆ ಚಕ್ರವೇ ಮುರಿದಂತೆ ವಾಲಿಬಿಡುತ್ತದೆ.

ಪ್ರಶ್ನೆ: ತಿರುವಿನಲ್ಲಿ ಕಾರು ವಾಲಬಾರದು ಅಂತ ಮುಂದೆ ದಪ್ಪ ಸ್ವೇ ಬಾರ್ ಹಾಕಿಸುವ ಆಸೆ. 20 ಮಿ.ಮೀ. ಬದಲು 22 ಹಾಕಿದರೆ ವ್ಯತ್ಯಾಸ ಗೊತ್ತಾಗುತ್ತದಾ?

ಉತ್ತರ: ಚೆನ್ನಾಗಿ ಗೊತ್ತಾಗುತ್ತದೆ. ದಪ್ಪ ಶೇ. 10 ಹೆಚ್ಚಿದರೆ ಬಿಗಿ ಶೇ. 46ರಷ್ಟು ಹೆಚ್ಚುತ್ತದೆ. ವಾಲುವುದು ಕಡಿಮೆಯಾಗುತ್ತದೆ. ಆದರೆ ಒಂದು ಚಕ್ರಕ್ಕೆ ಬಿದ್ದ ಪೆಟ್ಟು ಇನ್ನೊಂದು ಕಡೆಗೂ ದಾಟುತ್ತದೆ, ತಿರುವಿನಲ್ಲಿ ಕಾರಿನ ಮೂತಿ ಹೊರಕ್ಕೆ ಜಾರುವ ಗುಣವೂ ಜಾಸ್ತಿಯಾಗುತ್ತದೆ. ಮೊದಲು ಹಳೆಯ ಬುಷ್ ಬದಲಾಯಿಸಿ ಒಂದು ವಾರ ಓಡಿಸಿ ನೋಡಿ.