ಕಾಲುವೆ ಗೇಟಿನ ಕೆಳಗಡೆ, ನೀರು ಹೊರಬರುವಲ್ಲಿ ಗುಂಡಿ ಬೀಳುತ್ತಿದೆ, ಕಾಂಕ್ರೀಟ್ ಹಾಸು ಉದ್ದ ಮಾಡಿದರೆ ಕೊರೆತ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ ಮಾರಾಯ್ರೆ, ಗುಂಡಿ ಅಷ್ಟೇ ಮುಂದಕ್ಕೆ ಹೋಗುತ್ತದೆ. ಬನವಾಸಿ ಕಡೆಯ ಒಂದು ಕೆರೆ ಕಾಲುವೆಯಲ್ಲಿ ನಾನೂ ಇದನ್ನೇ ಮಾಡಿಸಿದ್ದೆ. 3 ಮೀಟರ್ ಹೊಸ ಹಾಸು, ಮೇಲೆ ನುಣ್ಣನೆ ಗಿಲಾವು. ಎರಡನೇ ಮಳೆಗಾಲ ಕಳೆದು ಹಾರೆಯಿಂದ ತಟ್ಟಿದರೆ ಖಾಲಿ ಡಬ್ಬಿಯ ಸದ್ದು. ಅಡಿಯ ಮಣ್ಣೆಲ್ಲ ಕೊಚ್ಚಿಹೋಗಿತ್ತು.

ನೀರಿನ ವೇಗ ಮುರಿಯದೆ ಅದಕ್ಕೊಂದು ಜಾರುಬಂಡಿ ಕಟ್ಟಿಕೊಟ್ಟಿದ್ದೇ ತಪ್ಪು. ಲೆಕ್ಕ ನೋಡಿ: ಗೇಟಿನ ಹಿಂದೆ 1.15 ಮೀಟರ್ ನೀರು, ಗೇಟು 25 ಸೆಂ.ಮೀ. ಎತ್ತಿದೆ. ಹೊರಬರುವ ನೀರು ಕುಗ್ಗಿ 15 ಸೆಂ.ಮೀ. ದಪ್ಪದ ಹಾಳೆಯಾಗುತ್ತದೆ, ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ಅದು ಉಕ್ಕಿ ಮಗುಚಿ ಶಾಂತವಾಗಲು, ಎಂಜಿನಿಯರರ ಮಾತಲ್ಲಿ ಹೈಡ್ರಾಲಿಕ್ ಜಂಪ್ ಆಗಲು, ಕೆಳಗಡೆ 70 ಸೆಂ.ಮೀ. ನೀರು ನಿಂತಿರಬೇಕು. ಆಗ ವೇಗ 1 ಮೀಟರಿಗಿಂತ ಕೆಳಗಿಳಿಯುತ್ತದೆ. ನಮ್ಮಲ್ಲಿ ನಿಲ್ಲುತ್ತಿದ್ದದ್ದು 40 ಮಾತ್ರ. ಹಾಗಾಗಿ ಹಾಸಿನ ಮೇಲೆ ಏಳಬೇಕಾದ ನೀರಿನ ಉಕ್ಕು ಆಚೆಯ ಮಣ್ಣಿನ ಮೇಲೆ ಎದ್ದಿತು. ಚಿರೆಕಲ್ಲಿನ ಗಟ್ಟಿ ಪದರದ ಅಡಿಗೆ ಶೇಡಿ ಮಣ್ಣು. ನೀರು ಹೊಕ್ಕರೆ ಗಂಜಿ. ಹಾಸಿನ ತುದಿಯಲ್ಲಿ ಕೆಳಕ್ಕಿಳಿಸಿದ ಗೋಡೆಯೂ ಇರಲಿಲ್ಲ, ಮಣ್ಣು ಅಲ್ಲಿಂದಲೇ ಜಾರಿತು.

ಉದ್ದ ಮಾಡುವ ಬದಲು ಹಾಸನ್ನು ಕಾಲುವೆಯ ತಳಕ್ಕಿಂತ ಕೆಳಗಿಳಿಸಿ ತೊಟ್ಟಿಯಂತೆ ಮಾಡಿ. ಮೇಲಿನ ಲೆಕ್ಕಕ್ಕೆ 40 ಸೆಂ.ಮೀ. ಇಳಿಜಾರಾಗಿ ಇಳಿಸಿದರೆ ನೀರು 80 ಸೆಂ.ಮೀ. ನಿಲ್ಲುತ್ತದೆ, ಸಾಕು. ತೊಟ್ಟಿಯ ಉದ್ದ ಆ ಆಳದ 5–6 ಪಟ್ಟು, ಅಂದರೆ ನಾಲ್ಕೂವರೆ ಮೀಟರಿನಷ್ಟು. ತುದಿಗೋಡೆ ಕನಿಷ್ಠ 1 ಮೀಟರ್ ನೆಲದೊಳಗೆ ಹೋಗಲಿ. ತೊಟ್ಟಿಯ ಕೊನೆಯ ಭಾಗದಲ್ಲಿ ಒಸರುಗಂಡಿ, ಅಂದರೆ ಅಡಿಯ ನೀರು ಹೊರಬರಲು ಸಣ್ಣ ತೂತುಗಳನ್ನು ಬಿಡಿ, ಅಡಿಗೆ ಮರಳು, ಜಲ್ಲಿ ಪದರ ಹಾಕಿ. ಮಳೆಗಾಲದಲ್ಲಿ ನಮ್ಮ ನೆಲದ ಒರತೆ ಮೇಲೇರಿ, ಗಂಡಿಯಿಲ್ಲದ ಹಾಸನ್ನು ಕೆಳಗಿನಿಂದ ಎತ್ತುತ್ತದೆ.

ಅದರಾಚೆ 3 ಮೀಟರ್ ಬಿಡಿ ಕಲ್ಲು. 25–30 ಸೆಂ.ಮೀ. ಗಾತ್ರದ ಕರಿಕಲ್ಲೇ ಆಗಬೇಕು, ಚಿರೆಕಲ್ಲು ಬೇಡವೇ ಬೇಡ. ಸಿಮೆಂಟಿನಲ್ಲಿ ಕೂರಿಸಬೇಡಿ, ಬಿಡಿಯಾಗಿದ್ದರೆ ಕುಸಿದಲ್ಲಿ ತಾನೇ ಇಳಿದು ತುಂಬುತ್ತದೆ. ಇದರಡಿಗೂ ಜಲ್ಲಿ, ಮರಳು ಇರಲಿ, ಇಲ್ಲದಿದ್ದರೆ ಸಂದಿಯಿಂದ ಶೇಡಿ ಹೊರಬರುತ್ತದೆ.

ಗೇಟು ಎತ್ತುವವರಿಗೂ ಹೇಳಿ: ಖಾಲಿ ಕಾಲುವೆಗೆ ಒಮ್ಮೆಲೇ ಪೂರ್ತಿ ಎತ್ತಬಾರದು. ಮೊದಲು ನಾಲ್ಕು ಬೆರಳು, ಕೆಳಗೆ ನೀರು ನಿಂತ ಮೇಲೆ ಉಳಿದದ್ದು. ಎರಡು ಗೇಟಿದ್ದರೆ ಎರಡನ್ನೂ ಸಮಸಮ. ಒಂದನ್ನೇ ಎತ್ತಿದರೆ ನೀರು ಸುಳಿದು ದಂಡೆ ತಿನ್ನುತ್ತದೆ.