ಆ ಪಾಳು ಮಠ ಅಸಲಿಯೇ

ಇಂಗ್ಲೆಂಡಿನ ಸ್ಟಡ್ಲಿ ರಾಯಲ್ ತೋಟದ ಕೊನೆಗೆ ಕಾಣುವ ಪಾಳು ಮಠವನ್ನು ಅಂದಕ್ಕಾಗಿ ಕಟ್ಟಿಸಿದ್ದಾ ಅಂತ ಕೇಳಿದ್ದೀರಿ. ಅಲ್ಲ, ಅದು ಅಸಲಿ. ನಿಮಗೆ ಅನುಮಾನ ಬಂದದ್ದೂ ಸರಿಯೇ. ತೋಟ ಮಾಡಿಸಿದ 18ನೇ ಶತಮಾನದಲ್ಲಿ ಅಲ್ಲಿನ ಸಾಹುಕಾರರು ದುಡ್ಡು ಸುರಿದು ಹೊಸದಾಗಿ ಹಾಳು ಗೋಡೆ ಕಟ್ಟಿಸಿಕೊಳ್ಳುತ್ತಿದ್ದರು!

ಇದು ಫೌಂಟನ್ಸ್ ಮಠ. ಯಾರ್ಕ್‌ನ ಮಠದಲ್ಲಿ ಶಿಸ್ತು ಸಡಿಲವಾಯಿತು ಅಂತ ಜಗಳವಾಡಿ ಹೊರಬಂದ 13 ಸನ್ಯಾಸಿಗಳು 1132ರಲ್ಲಿ ಶುರು ಮಾಡಿದ್ದು. ಆಮೇಲೆ ಕುರಿ ಉಣ್ಣೆಯಿಂದ ಮಠಕ್ಕೆ ಭಾರೀ ದುಡ್ಡು ಬಂತು. 1539ರಲ್ಲಿ ರಾಜ ಎಂಟನೇ ಹೆನ್ರಿಯ ಕಾಲದಲ್ಲಿ ಬಾಗಿಲು ಬಿತ್ತು.

ತೋಟದ ಕಥೆ ಇನ್ನೂ ಮಜವಾಗಿದೆ. ಮಾಡಿಸಿದವನು ಜಾನ್ ಏಸ್ಲಬಿ, ದೇಶದ ಹಣಕಾಸು ಮಂತ್ರಿ. 1720ರಲ್ಲಿ ಸೌತ್ ಸೀ ಅನ್ನೋ ವ್ಯಾಪಾರಿ ಕಂಪನಿಯ ಷೇರು ನೆಲಕಚ್ಚಿತು. ಆ ಹಗರಣದಲ್ಲಿ ಕೈಯಿತ್ತು ಅಂತ ಮರುವರ್ಷ ಇವನನ್ನು ಪಾರ್ಲಿಮೆಂಟಿನಿಂದ ಓಡಿಸಿ ಜೈಲಿಗೂ ಹಾಕಿದರು. ಬಿಡುಗಡೆಯಾದ ಮೇಲೆ ಊರಿಗೆ ಬಂದು ಪೂರ್ತಿ ತೋಟಕ್ಕೇ ಇಳಿದುಬಿಟ್ಟ. ಸ್ಕೆಲ್ ಹೊಳೆಯ ನೀರು ಹಿಡಿದು, ಕಾಲುವೆ ತೆಗೆದು, ಚಂದ್ರನ ಆಕಾರದ ಕೊಳಗಳನ್ನು ಮಾಡಿಸಿದ. ಮಠ ಮಾತ್ರ ಅವನ ಕೈಗೆ ಸಿಗಲಿಲ್ಲ. ಅದನ್ನು ಕೊಂಡು ತೋಟಕ್ಕೆ ಸೇರಿಸಿದ್ದು ಮಗ ವಿಲಿಯಂ, 1767ರಲ್ಲಿ.

ಹೋದರೆ ಗುಡ್ಡದ ಮೇಲಿನ ‘ಆನ್ ಬೊಲಿನ್ ಸೀಟ್’ ಬಿಡಬೇಡಿ. ಮಠ ಅಲ್ಲಿಂದಲೇ ಚೆಂದ ಕಾಣೋದು. ಆನ್ ಬೊಲಿನ್ ಅಂದರೆ ಎಂಟನೇ ಹೆನ್ರಿ ತಲೆ ಕಡಿಸಿದ ಅವನ ರಾಣಿ. ಹೆಸರು ಯಾಕೆ ಅಂತೀರಾ? ಅಲ್ಲೊಂದು ತಲೆಯಿಲ್ಲದ ಪ್ರತಿಮೆ ಇತ್ತು, ಅದಕ್ಕೇ!